ಕಲ್ಲುಕ್ವಾರಿ ಧೂಳು, ಉಸಿರಾಟದ ತೊಂದರೆ: ಡಾಕ್ಟರನ್ನು ಕೇಳಿ

ಸದಸ್ಯೆ, ಪಾಂಡವಪುರ: ಡಾಕ್ಟರೇ, ನಮ್ಮ ಯಜಮಾನರು ಹನ್ನೊಂದು ವರ್ಷ ಕ್ವಾರಿಯಲ್ಲಿ ಬಂಡೆಗೆ ಕುಳಿ ಕೊರೆಯುತ್ತಿದ್ದರು. ಕ್ಷಯವೆಂದು ಆರು ತಿಂಗಳು ಮಾತ್ರೆ ನುಂಗಿದರು. ಈಗ ಕಫದಲ್ಲಿ ರೋಗಾಣು ಇಲ್ಲವಂತೆ, ಆದರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕ್ವಾರಿಯವರು ಐದು ಸಾವಿರ ಕೊಟ್ಟು, ಟಿಬಿಗೆ ನಾವು ಹೊಣೆಯಲ್ಲ ಎಂದರು.

ಸದಸ್ಯ, ಶ್ರೀರಂಗಪಟ್ಟಣ: ಫಾರ್ವರ್ಡ್ ಬಂದಿದೆ ನೋಡಿ. ದಿನಕ್ಕೊಂದು ಅಚ್ಚು ಬೆಲ್ಲ ತಿಂದರೆ ಶ್ವಾಸಕೋಶದ ಧೂಳೆಲ್ಲ ಇಳಿದುಹೋಗುತ್ತದೆ.

ಡಾಕ್ಟರ್: ಬೆಲ್ಲ ಹೋಗುವುದು ಹೊಟ್ಟೆಗೆ. ಶ್ವಾಸಕೋಶದ ಆಳ ಸೇರಿದ ಸಿಲಿಕಾ, ಅಂದರೆ ಕಲ್ಲಿನ ನುಣ್ಣನೆಯ ಧೂಳು, ಅದರಿಂದ ಹೊರಬರುವುದಿಲ್ಲ. ಇಂಥದ್ದನ್ನು ನಂಬಿ ಜನ ಆಸ್ಪತ್ರೆಗೆ ತಡವಾಗಿ ಬರುತ್ತಾರೆ. ಇಲ್ಲಿ ಹಾಕಬೇಡಿ.

ತಾಯಿ, ನಿಮ್ಮ ಮಾತು ಓದಿ ಆತಂಕವಾಯಿತು. ಇದು ಸಿಲಿಕೋಸಿಸ್, ಅಂದರೆ ಆ ಕಲ್ಲುಧೂಳಿನಿಂದ ಬರುವ ಶ್ವಾಸಕೋಶದ ರೋಗ, ಇರಬಹುದು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ರಾಗಿ ಚೆಲ್ಲಿದಂತೆ ಚುಕ್ಕೆಗಳು ಕಾಣುತ್ತವೆ. ಕ್ಷಯವೆಂದು ತಪ್ಪು ತಿಳಿಯುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ, ಆದ್ದರಿಂದ ಎರಡೂ ಇದ್ದಿರಬಹುದು. ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಅವರು ಮತ್ತೆ ಆ ಧೂಳಿಗೆ ಹೋಗಲೇಬಾರದು. ಚೀಟಿಯಲ್ಲಿ ಬರೀ ‘ಕ್ಷಯ’ ಎಂದಿದ್ದರೆ ಮಾಲೀಕರು ನುಣುಚಿಕೊಳ್ಳುತ್ತಾರೆ. ಏನು ಕೆಲಸ, ಎಷ್ಟು ವರ್ಷ, ನೀರು ಹಾಯಿಸಿ ಕೊರೆಯುತ್ತಿದ್ದರೋ ಒಣಗಲ್ಲನ್ನೇ ಕೊರೆಯುತ್ತಿದ್ದರೋ, ಎಲ್ಲವನ್ನೂ ವೈದ್ಯರಿಂದ ಬರೆಸಿಕೊಳ್ಳಿ. ಅವರು ದುಡಿದ ಕಾಲದ 1955ರ ಗಣಿ ನಿಯಮಗಳಂತೆ ಕನಿಷ್ಠ ಐದು ವರ್ಷಕ್ಕೊಮ್ಮೆ ಮಾಲೀಕರ ಖರ್ಚಿನಲ್ಲಿ ತಪಾಸಣೆ ಆಗಬೇಕಿತ್ತು. ಎಕ್ಸ್‌ರೇ ತೆಗೆಸಿದ್ದರೇ?

ಸದಸ್ಯ, ಚಿನಕುರಳಿ: ಸಿಡಿತಕ್ಕೆ ನಮ್ಮ ಗೋಡೆ ಬಿರುಕು ಬಿಟ್ಟಿದೆ. ಯಾರನ್ನು ಕೇಳಬೇಕು ಸಾರ್?

ಸದಸ್ಯ, ಮೈಸೂರು: ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಕೇ?

ಡಾಕ್ಟರ್: ಸಾಲದು.

ಟಿಪ್ಪರ್ ಮಾಲೀಕ: 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿ.ಮೀ. ಗಣಿಗಾರಿಕೆ ನಿಷೇಧಿಸಿತು. ನನ್ನ ಸಾಲದ ಕಂತು ಯಾರು ಕಟ್ಟುತ್ತಾರೆ?

ರೈತ, ಪಾಂಡವಪುರ: ಅಣೆಕಟ್ಟೆಗೆ ಅಪಾಯವಾದರೆ ಯಾರು ಕಟ್ಟಿಕೊಡುತ್ತಾರೆ? ಕಬ್ಬಿನ ಗರಿಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂರುತ್ತಿತ್ತು. ಆಗ ಯಾವ ಕ್ವಾರಿ ಮಾಲೀಕ ಬಂದು ನೋಡಿದ?

ಟಿಪ್ಪರ್ ಮಾಲೀಕ: ನಿಮ್ಮ ಮನೆಯ ತಾರಸಿಗೆ ಹಾಕಿದ ಜಲ್ಲಿ ಎಲ್ಲಿಂದ ಬಂತು ಸ್ವಾಮಿ?

ರೈತ, ಪಾಂಡವಪುರ: ದುಡ್ಡು ಕೊಟ್ಟು ತಂದೆ. ಬೆಳೆ ಹಾಳಾದದ್ದಕ್ಕೆ ನನಗೆ ಯಾರು ಕೊಟ್ಟರು?

ಸದಸ್ಯ, ಮದ್ದೂರು: ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆಂದು ಸಿಎಸ್‌ಆರ್ ಕೊಡಬೇಕಲ್ಲ? ಆ ತಾಯಿ ಅದನ್ನೇ ಕೇಳಲಿ.

ಡಾಕ್ಟರ್: ದಾರಿ ತಪ್ಪಿಸಬೇಡಿ. 2013ರ ಕಂಪನಿ ಕಾಯ್ದೆಯ ಆ ನಿಯಮ ದೊಡ್ಡ ಕಂಪನಿಗಳಿಗೆ ಮಾತ್ರ. ತಮ್ಮ ನೌಕರರಿಗಷ್ಟೇ ಮಾಡಿದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೇ ಬರುವುದಿಲ್ಲ. ಕೆಲಸದಿಂದ ಬಂದ ರೋಗಕ್ಕೆ ಪರಿಹಾರ ಮಾಲೀಕನ ಕಾನೂನುಬದ್ಧ ಹೊಣೆ. ಶಾಲೆಗೆ ಬಣ್ಣ ಬಳಿಸಿ ಫೋಟೊ ಹಾಕಿಸಿಕೊಂಡರೆ ಅದು ತೀರುವುದಿಲ್ಲ.

ಸದಸ್ಯ, ಶ್ರೀರಂಗಪಟ್ಟಣ: ಬೆಲ್ಲದ ಜೊತೆ ಬಾಳೆಹಣ್ಣಾದರೂ ಕೊಡಬಹುದೇ?

ಡಾಕ್ಟರ್: ಉತ್ತರ ಹೇಳಿಯಾಗಿದೆ. ಮತ್ತೆ ಕೇಳಬೇಡಿ.

ಸದಸ್ಯ, ಚಿನಕುರಳಿ: ನನ್ನ ಗೋಡೆಯ ವಿಷಯ ಯಾರೂ ಹೇಳಲಿಲ್ಲ.

ಸದಸ್ಯೆ, ಪಾಂಡವಪುರ: ಒಮ್ಮೆ ಎಕ್ಸ್‌ರೇ ತೆಗೆಸಿದ್ದರು ಸಾರ್. ಅದು ಕ್ವಾರಿ ಆಫೀಸಿನಲ್ಲೇ ಇದೆ. ಕೇಳಿದರೆ, ಮೇಸ್ತ್ರಿ ಕರೆತಂದ ಆಳು, ನಮ್ಮವನಲ್ಲ ಎನ್ನುತ್ತಾರೆ.

ಡಾಕ್ಟರ್: ಮೇಸ್ತ್ರಿಯ ಮೂಲಕ ಬಂದರೂ 1923ರ ಪರಿಹಾರ ಕಾಯ್ದೆ ಮೂಲ ಮಾಲೀಕನನ್ನೇ ಹೊಣೆ ಮಾಡುತ್ತಿತ್ತು. ಎಕ್ಸ್‌ರೇಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಬರೆದು ಕೇಳಿ, ರಸೀದಿ ಇಟ್ಟುಕೊಳ್ಳಿ. ಐದು ಸಾವಿರ ಕೊಟ್ಟಾಗ ಯಾವುದಾದರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೇ?