ಸಾವಿರಕ್ಕೇ ನಿಲ್ಲೋ ಎಲ್‌ಡ್ಯಾಪ್ ಲೂಪ್: ಕಂಪ್ಯೂಟರ್ ಸೈನ್ಸ್ ಬ್ಯಾಚ್ ಗುಂಪು

ಮಂಜು: ಎಲ್‌ಡ್ಯಾಪ್ (ಡೈರೆಕ್ಟರಿ ಸರ್ವರ್‌ನಿಂದ ಮಾಹಿತಿ ಕೇಳೋ ಪ್ರೊಟೊಕಾಲ್) ಸರ್ಚ್‌ನ ಸಿ ಕೋಡ್ ಹಾಕಿದೀನಿ, ನೋಡಿ. ಆ್ಯಕ್ಟಿವ್ ಡೈರೆಕ್ಟರಿಯಿಂದ, ಅಂದ್ರೆ ಬಳಕೆದಾರರು, ಗ್ರೂಪ್‌ಗಳ ಪಟ್ಟಿ ಇಡೋ ಮೈಕ್ರೋಸಾಫ್ಟ್ ಸರ್ವರ್‌ನಿಂದ, ಸರಿಯಾಗಿ 1000 ಎಂಟ್ರಿ ಬಂದು ನಿಲ್ಲುತ್ತೆ. ಮುಂದಿನ ಎಂಟ್ರಿ ಕೊಡೋ ನೆಕ್ಸ್ಟ್_ಎಂಟ್ರಿ ಫಂಕ್ಷನ್ನಲ್ಲೇ ಬಗ್ ಇದೆ.

ರೇಖಾ: ಇಲ್ಲ ಕಣೋ, ಲೂಪ್ ಸರಿ ಇದೆ. ಫಸ್ಟ್_ಎಂಟ್ರಿ, ನೆಕ್ಸ್ಟ್_ಎಂಟ್ರಿ ಸರ್ವರ್ ಹತ್ರ ಹೋಗೋದೇ ಇಲ್ಲ. ಆಗಲೇ ಮೆಮೊರಿಗೆ ಬಂದಿರೋ ರಿಸಲ್ಟ್ ಮೇಲೆ ಒಂದೊಂದೇ ಮುಂದೆ ಹೋಗ್ತವೆ ಅಷ್ಟೆ. 1000 ಅನ್ನೋದು ಸರ್ವರಿನ ಮ್ಯಾಕ್ಸ್‌ಪೇಜ್‌ಸೈಜ್, ಅಂದ್ರೆ ಒಂದು ಸಲಕ್ಕೆ ಕೊಡೋ ಎಂಟ್ರಿಗಳ ಮಿತಿ. ಸರ್ಚ್‌ನ ರಿಟರ್ನ್ ಕೋಡ್ ಪ್ರಿಂಟ್ ಮಾಡು, 4 ಬರುತ್ತೆ: ಸೈಜ್‌ಲಿಮಿಟ್ ಮೀರಿದೆ ಅಂತ. ಆ ಎರರ್ ಜೊತೆಗೂ ಸಿಕ್ಕಷ್ಟು ಎಂಟ್ರಿ ಬರೋದ್ರಿಂದ ಎಲ್ಲಾ ಬಂತು ಅನ್ಸುತ್ತೆ.

ಸುಧೀರ್: ಹಾಗಾದ್ರೆ ಮಿತಿನ 50,000 ಮಾಡಿದ್ರೆ ಮುಗೀತಲ್ಲ. ಕೋಡ್ ಯಾಕೆ ಮುಟ್ಬೇಕು?

ರೇಖಾ: ಆಗಲ್ಲ. ವಿಂಡೋಸ್ ಸರ್ವರ್ 2008 ಆರ್2ನಿಂದ ಈಚೆಗೆ ಎಷ್ಟೇ ಬರೆದ್ರೂ 20,000ಕ್ಕೆ ನಿಲ್ಲಿಸುತ್ತೆ. ಒಂದೇ ಸರ್ಚ್ ಡೊಮೈನ್ ಕಂಟ್ರೋಲರ್‌ನ (ಆ್ಯಕ್ಟಿವ್ ಡೈರೆಕ್ಟರಿ ನಡೆಸೋ ಸರ್ವರ್) ಉಸಿರುಕಟ್ಟಿಸಬಾರದು ಅಂತಾನೇ ಆ ಮಿತಿ ಇರೋದು. ಪೇಜಿಂಗ್ ಹಾಕು ಮಂಜು, ಅಂದ್ರೆ ರಿಸಲ್ಟ್‌ನ ಕಂತು ಕಂತಾಗಿ ಕೇಳು; ವಿಧಾನ 1999ರ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 2696ನಲ್ಲಿದೆ. ಪೇಜ್ ಸೈಜ್ 500, ಮೊದಲ ಸಲ ಕುಕೀ (ಎಲ್ಲಿವರೆಗೆ ಬಂತು ಅಂತ ಸರ್ವರ್ ಕೊಡೋ ಗುರುತು) ಖಾಲಿ. ಪ್ರತಿ ಪೇಜ್ ಆದ್ಮೇಲೆ ಪಾರ್ಸ್_ರಿಸಲ್ಟ್ ಕರೆದು ಹೊಸ ಕುಕೀ ತಗೊಂಡು ಮುಂದಿನ ಸರ್ಚ್‌ಗೆ ಕೊಡು. ಕುಕೀ ಖಾಲಿ ಬಂದ್ರೆ ಮುಗೀತು. ಮಧ್ಯದಲ್ಲಿ ಕನೆಕ್ಷನ್ ಆಗ್ಲಿ, ಸರ್ಚ್ ಫಿಲ್ಟರ್ ಆಗ್ಲಿ ಬದಲಾಯಿಸಬೇಡ.

ಸುಧೀರ್: ಇನ್ನೊಂದು ಡೈರೆಕ್ಟರಿ ಸರ್ವರ್ ಆದ ಓಪನ್‌ಎಲ್‌ಡ್ಯಾಪ್‌ನಲ್ಲಿ ಪೇಜಿಂಗ್ ಹಾಕಿದ್ರೂ 500ಕ್ಕೇ ನಿಲ್ಲುತ್ತೆ. ಅಲ್ಲಿ ಸರ್ವರ್ ಮುಟ್ಲೇಬೇಕು.

ರೇಖಾ: ಅದು ನಿಜ, ಒಪ್ತೀನಿ. ಅಲ್ಲಿ ಡೀಫಾಲ್ಟ್ ಸೈಜ್‌ಲಿಮಿಟ್ ಎಲ್ಲಾ ಪೇಜ್‌ಗಳ ಒಟ್ಟು ಮೊತ್ತಕ್ಕೂ ಅನ್ವಯಿಸುತ್ತೆ. ಆದ್ರೂ ಎಲ್ರಿಗೂ ಏರಿಸಬೇಡಿ. ಆ ಅಪ್ಲಿಕೇಶನ್ ಲಾಗಿನ್ ಆಗೋ ಡಿಎನ್‌ಗೆ (ಡೈರೆಕ್ಟರಿಯಲ್ಲಿ ಎಂಟ್ರಿಯ ಪೂರ್ತಿ ಹೆಸರು) ಮಾತ್ರ, ಸರ್ವರ್ ಕಾನ್ಫಿಗರೇಶನ್‌ನ ಲಿಮಿಟ್ಸ್ ಸಾಲಿನಲ್ಲಿ ಸೈಜ್.ಪಿಆರ್‌ಟೋಟಲ್, ಅಂದ್ರೆ ಎಲ್ಲಾ ಪೇಜ್‌ಗಳ ಒಟ್ಟು ಮಿತಿ, ಏರಿಸಿ.

ಇಮ್ರಾನ್: ಮಂಜು, ಅದಕ್ಕಿಂತ ದೊಡ್ಡ ತಪ್ಪು ನಿನ್ನ ಕೋಡ್‌ನ 41ನೇ ಸಾಲಲ್ಲಿದೆ. ಲೂಪ್ ಒಳಗೆ ಎಂಟ್ರಿ ಮೇಲೆ ಮೆಮೊರಿ ಬಿಡುಗಡೆ ಮಾಡೋ ಎಂಎಸ್‌ಜಿಫ್ರೀ ಕರೆದಿದೀಯ. ಎಂಟ್ರಿ ಅನ್ನೋದು ಆ ರಿಸಲ್ಟ್ ಒಳಗಿನ ಪಾಯಿಂಟರ್, ಅದನ್ನ ಬಿಡುಗಡೆ ಮಾಡಿದ್ರೆ ಕ್ರ್ಯಾಶ್ ಆಗಬಹುದು. ಪೇಜ್ ಮುಗಿದ ಮೇಲೆ ರಿಸಲ್ಟ್‌ನ ಒಮ್ಮೆ ಬಿಡುಗಡೆ ಮಾಡು, ಸಾಕು. ಲೂಪ್ ಒಳಗಡೆ ಬಿಡುಗಡೆ ಮಾಡಬೇಕಾದ್ದು ಬೇರೆ: ಡಿಎನ್‌ಗೆ, ಆಟ್ರಿಬ್ಯೂಟ್ (ಎಂಟ್ರಿಯ ಒಂದೊಂದು ಗುಣ) ಹೆಸರಿಗೆ ಮೆಮ್‌ಫ್ರೀ, ವ್ಯಾಲ್ಯೂಗಳಿಗೆ ವ್ಯಾಲ್ಯೂ_ಫ್ರೀ_ಲೆನ್, ಕೊನೆಗೆ ಆಟ್ರಿಬ್ಯೂಟ್ ಓದೋಕೆ ಬಳಸಿದ ಪಾಯಿಂಟರ್‌ಗೆ ಬಿಇಆರ್_ಫ್ರೀ, ಅದರ ಎರಡನೇ ಆರ್ಗ್ಯುಮೆಂಟ್ 0.

ಮಂಜು: ಸರಿ. ಆ್ಯಕ್ಟಿವ್ ಡೈರೆಕ್ಟರಿಯ ಒಂದು ದೊಡ್ಡ ಗ್ರೂಪ್‌ನ ಮೆಂಬರ್ ಆಟ್ರಿಬ್ಯೂಟ್ ಖಾಲಿ ಬರ್ತಿದೆ, ಅದೂ ಪೇಜಿಂಗ್ ಇಲ್ದಿದ್ದಕ್ಕೇನಾ?

ಇಮ್ರಾನ್: ಅಲ್ಲ. ಸದಸ್ಯರು 1500 ದಾಟಿದ್ರೆ ಆಟ್ರಿಬ್ಯೂಟ್ ಹೆಸರೇ ಬದಲಾಗಿ "ಮೆಂಬರ್;ರೇಂಜ್=0-1499" ಅಂತ ಬರುತ್ತೆ. ನೆಕ್ಸ್ಟ್_ಆಟ್ರಿಬ್ಯೂಟ್‌ನಲ್ಲಿ ಹೆಸರು ಪ್ರಿಂಟ್ ಮಾಡಿ ನೋಡು. ಮುಂದಿನ ಸಲ "1500-*" ಕೇಳು, ಹೆಸರಿನ ಕೊನೆಗೆ ನಕ್ಷತ್ರ ಬರೋವರೆಗೂ ಹೀಗೇ ಕೇಳ್ತಾ ಹೋಗು.