ಅಪ್‌ಡೇಟ್: ಹಂಪಿಗೆ ಹೋಗಿ ಬಂದೆವು

ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಪ್ರವಾಸೋದ್ಯಮದ ಪಾಠಕ್ಕೆ ಹಂಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಸುಮ್ನೆ ಫೋಟೊ ಟ್ರಿಪ್ ಆಗದಂತೆ ಏನು ಮಾಡಿಸಲಿ ಅಂತ ಕೇಳಿದ್ದೆ. 'ಗುಡಿ ಕಡಿಮೆ ತೋರಿಸಿ, ಜನರನ್ನು ಮಾತಾಡಿಸಲು ಬಿಡಿ' ಅಂದವರಿಗೆ ಮೊದಲ ಥ್ಯಾಂಕ್ಸ್.

ಬಸ್ ಎರಡು ಗಂಟೆ ಲೇಟು. ಪ್ರಶ್ನೆಪಟ್ಟಿಯ ಕಟ್ಟು ಸ್ಟಾಫ್ ರೂಮಿನಲ್ಲೇ ಉಳಿದಿತ್ತು, ತಪ್ಪು ನನ್ನದೇ. ನೋಟ್‌ಬುಕ್ಕಿನಲ್ಲೇ ಗೆರೆ ಎಳೆಸಿದೆ.

ವಿಠ್ಠಲ ಗುಡಿಯ ಪಾರ್ಕಿಂಗ್‌ನಲ್ಲಿ ಯಾವ ರಾಜ್ಯದವರು ಬರುತ್ತಾರೆ ಅಂತ ತಿಳಿಯಲು ಮಕ್ಕಳು ಅರ್ಧ ಗಂಟೆ ನಂಬರ್ ಪ್ಲೇಟ್ ಎಣಿಸಿದರು. ಆಂಧ್ರ, ತೆಲಂಗಾಣದ ಗಾಡಿಗಳೇ ಜಾಸ್ತಿ. 'ಗೋವಾದವರು ಯಾಕಿಲ್ಲ ಮಿಸ್?' ಅಂತ ಒಬ್ಬ. ಕೂಡಲೇ ನಕ್ಷೆ ಬಿಚ್ಚಿ ದೂರ ಅಳೆದರು. ನಾನು ಹೇಳಿಕೊಟ್ಟಿದ್ದಲ್ಲ ಅದು! ಕಲ್ಲಿನ ರಥದ ಮುಂದೆ ಎಲ್ಲರೂ ಅದೇ ರಥದ ಚಿತ್ರವಿರುವ 50 ರೂಪಾಯಿ ನೋಟು ಹಿಡಿದು ನಿಂತಿದ್ದು ಬೇರೆ ಮಾತು.

ಎಳನೀರಿನ ಅಜ್ಜಿ ಹತ್ತಿರ ಕಲಿತದ್ದೇ ಹೆಚ್ಚು. 'ಡಿಸೆಂಬರ್‌ನಾಗ ಕುಂದ್ರಾಕ ಪುರಸೊತ್ತಿಲ್ಲವ್ವ, ಬ್ಯಾಸಗಿ ಮಧ್ಯಾಹ್ನ ಬಂಡೆಗಲ್ಲು ಕಾದು ಹೆಂಚಾಗ್ತಾವ, ಯಾರ್ ಬರ್ತಾರ?' ಅಂದರು. ಸೀಸನ್ ಅಂದರೇನು ಅಂತ ನಾನು ಎರಡು ಪೀರಿಯಡ್ ಕೊರೆದಿದ್ದೆ, ಅಲ್ವಾ!

1986ರಲ್ಲಿ ಹಂಪಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ್ದು, 2011ರಲ್ಲಿ ವಿರೂಪಾಕ್ಷ ಗುಡಿ ಮುಂದಿನ ಬಜಾರಿನ ಮನೆ, ಅಂಗಡಿ ತೆರವು ಮಾಡಿದ್ದು, ಎರಡನ್ನೂ ಅಲ್ಲೇ ನಿಂತು ಹೇಳಿದೆ. 'ಹಾಗಾದರೆ ಅವರೆಲ್ಲ ಎಲ್ಲಿ ಹೋದರು?' ಅಂದಳು ಒಬ್ಬಳು. ಮುಂದಿನ ವಾರದ ಚರ್ಚೆಗೆ ಅದೇ ವಿಷಯ.

ಹರಿಗೋಲು ಹತ್ತಿಸಲಿಲ್ಲ. ಹೊಳೆಯಲ್ಲಿ ನೀರು ಜೋರಿತ್ತು.