ಕಾವೇರಿಯ ಗಾಳ ಕಡಲಿಗೆ ಹೊರಟಾಗ: ಲೀಡರ್, ಕೊಕ್ಕೆಗಳ ಬಗ್ಗೆ ಅನುಭವ ಹಂಚಿಕೆ

ಕೇಳಿದವರು, ಮಂಡ್ಯ:

ವಿ.ಸಿ. ನಾಲೆಯಲ್ಲಿ, ಊರ ಕೆರೆಯಲ್ಲಿ ಎರೆಹುಳು ಮತ್ತು ರಾಗಿ ಹಿಟ್ಟಿನ ಉಂಡೆ ಕಟ್ಟಿ ಮೀನು ಹಿಡಿದು ಬೆಳೆದವನು ನಾನು. ದೀಪಾವಳಿ ಕಳೆದ ಮೇಲೆ ಮಂಗಳೂರಿನ ಕಡೆ ನೆಂಟರ ಮನೆಗೆ ಹೋಗುತ್ತಿದ್ದೇನೆ. ಕಡಲ ದಂಡೆಯ ಬಂಡೆಗಳ ಮೇಲಿಂದ ಗಾಳ ಹಾಕುವ ಆಸೆ ಇದೆ. ಅಂಗಡಿಯವರು ಬ್ರೇಡ್ ದಾರ (ಹಲವು ಎಳೆ ಹೆಣೆದದ್ದು) ಕೊಟ್ಟು, ಇದಕ್ಕೆ ಲೀಡರ್ ಬೇಕೇ ಬೇಕು ಎಂದರು. ಎಂಥ ಲೀಡರ್, ಎಷ್ಟುದ್ದ, ಕೊಕ್ಕೆ ಯಾವುದು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಶ್ರೀರಂಗಪಟ್ಟಣದಿಂದ:

ನಾನೂ ನದಿಯಲ್ಲಿ ಕಲಿತವನೇ. ವರ್ಷಕ್ಕೆ ಎರಡು ಸಲವಾದರೂ ಸಂಪಾಜೆ ಘಾಟಿ ಇಳಿಯುತ್ತೇನೆ. ಮೊದಲ ಸಲ ಬ್ರೇಡ್ ದಾರಕ್ಕೆ ನೇರವಾಗಿ ಕೊಕ್ಕೆ ಕಟ್ಟಿಬಿಟ್ಟಿದ್ದೆ. ಅರ್ಧ ಗಂಟೆಯೊಳಗೆ ಒಳ್ಳೆಯ ಮೀನು ಕಚ್ಚಿತು, ಬಂಡೆಯ ಸಂದಿಗೆ ನುಗ್ಗಿತು, ದಾರ ಸಡಿಲವಾಯಿತು. ಸುತ್ತಿ ತೆಗೆದು ನೋಡಿದರೆ ದಾರದ ತುದಿ ದೀಪದ ಬತ್ತಿಯ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಬ್ರೇಡ್ ಎಳೆತಕ್ಕೆ ಬಲು ಗಟ್ಟಿ, ಆದರೆ ಬಂಡೆಗೆ ಅಂಟಿದ ಚಿಪ್ಪುಗಳಿಗೆ ಉಜ್ಜಿದರೆ ತಡೆಯುವುದಿಲ್ಲ. ಅದಕ್ಕೇ ಬ್ರೇಡಿಗೂ ಕೊಕ್ಕೆಗೂ ನಡುವೆ ದಪ್ಪನೆಯ ಒಂಟಿ ಎಳೆಯ ದಾರ ಬೇಕು. ಆ ತುಂಡೇ ಲೀಡರ್.

ಅಂದಿನಿಂದ ನಾನು ಪಾಲಿಸುವ ಕ್ರಮ ಇದು: ದಾರ ಹರಿದಾಗ ತುದಿಯನ್ನು ಬೆರಳಲ್ಲಿ ಹಿಡಿದು ನೋಡುತ್ತೇನೆ. ಲೀಡರ್ ತರಿ ತರಿಯಾಗಿದ್ದರೆ ಬಂಡೆಯ ಕೆಲಸ, ಇನ್ನೂ ದಪ್ಪನೆಯದು ಬೇಕು. ಬ್ಲೇಡಿನಿಂದ ಕೊಯ್ದಂತೆ ನುಣುಪಾಗಿದ್ದರೆ ಹಲ್ಲಿನ ಕೆಲಸ, ತಂತಿ ಬೇಕು. ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ ಎಂದರ್ಥ, ತಪ್ಪು ನಮ್ಮದೇ. ಗಂಟನ್ನು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿಕೊಳ್ಳಿ. ಒಣಗಿದ ಗಂಟನ್ನು ಎಳೆದರೆ ಉಜ್ಜಿದ ಬಿಸಿಗೆ ದಾರ ಅಲ್ಲೇ ದುರ್ಬಲವಾಗುತ್ತದೆ.

ಲೀಡರ್ ನೈಲಾನಿನದೋ ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದೇ ಇಲ್ಲ ಎನ್ನುತ್ತಾರೆ. ಬೆಳಕನ್ನು ಬಾಗಿಸುವ ಅಳತೆ, ಅಂದರೆ ವಕ್ರೀಭವನ ಸೂಚ್ಯಂಕ, ನೀರಿನದಕ್ಕೆ ಹತ್ತಿರವಿದ್ದಷ್ಟೂ ದಾರ ಕಡಿಮೆ ಕಾಣುತ್ತದೆ. ನೀರಿನದು 1.33, ಅದರದು ಸುಮಾರು 1.42, ನೈಲಾನಿನದು 1.5ಕ್ಕೂ ಮೇಲೆ. ಹಾಗಾಗಿ ಕಡಿಮೆ ಕಾಣುತ್ತದೆ ಎನ್ನುವುದು ನಿಜ, ಕಾಣುವುದೇ ಇಲ್ಲ ಎನ್ನುವುದು ಉತ್ಪ್ರೇಕ್ಷೆ. ಅಲೆ ಬಡಿದು ಕದಡಿದ ನೀರಿನಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಉಜ್ಜುವಿಕೆಯನ್ನು ಅದು ಚೆನ್ನಾಗಿ ತಡೆಯುತ್ತದೆ ಎಂಬ ಕಾರಣಕ್ಕೆ ನಾನು ಕೊಳ್ಳುತ್ತೇನೆ. ನೀವು ಮೊದಲ ಸಲಕ್ಕೆ 30 ಪೌಂಡಿನ (ಅಷ್ಟು ಎಳೆತ ತಾಳುವ) ನೈಲಾನ್ ತೆಗೆದುಕೊಳ್ಳಿ, ಎರಡಡಿ ಉದ್ದ ಸಾಕು. ಅಗ್ಗ, ಮೃದು, ಗಂಟು ಚೆನ್ನಾಗಿ ಕೂರುತ್ತದೆ.

ಕೊಕ್ಕೆಯ ವಿಷಯದಲ್ಲಿ ನನಗೆ ನಿಜವಾಗಿ ಕಷ್ಟವಾದದ್ದು ಕೈಯ ಅಭ್ಯಾಸ. ಬೆಂಡು ಮುಳುಗಿದೊಡನೆ ಕೋಲನ್ನು ಝಾಡಿಸಿ ಎತ್ತುವುದು ನಮಗೆ ಚಿಕ್ಕಂದಿನಿಂದ ಬಂದದ್ದು. ಬಂಡೆಗಳಲ್ಲಿ ಸರ್ಕಲ್ ಹುಕ್ ಒಳ್ಳೆಯದು, ಅದರ ಮೊನೆ ಒಳಕ್ಕೆ ಬಾಗಿರುತ್ತದೆ. ಮೀನು ಎರೆ ನುಂಗಿ ತಿರುಗಿ ಹೊರಟಾಗ ಅದು ಗಂಟಲಿನಿಂದ ಜಾರುತ್ತಾ ಬಂದು ಬಾಯಿಯ ಮೂಲೆಯಲ್ಲಿ ತಾನೇ ಹೊರಳಿ ಕಚ್ಚಿಕೊಳ್ಳುತ್ತದೆ. ಝಾಡಿಸಿದರೆ ಎರೆಯ ಸಮೇತ ಹೊರಗೆ ಬಂದುಬಿಡುತ್ತದೆ. ಒಂದೇ ಸಂಜೆ ನಾನು ಹೀಗೆ ನಾಲ್ಕು ಮೀನು ಕಳೆದುಕೊಂಡೆ. ಐದನೆಯದಕ್ಕೆ ಹಲ್ಲು ಕಚ್ಚಿ ಕಾದೆ. ಕೋಲು ತಾನಾಗಿ ಬಾಗಿದ ಮೇಲೆ ನಿಧಾನವಾಗಿ ರೀಲ್ ಸುತ್ತಿದೆ, ಅಷ್ಟೇ. ಸಿಕ್ಕಿದ್ದು ಕೆಂಬೇರಿ ಮೀನು! ಕೊಕ್ಕೆ ತುಟಿಯ ಮೂಲೆಯಲ್ಲಿ ಮೂಗುತಿಯ ಹಾಗೆ ಕೂತಿತ್ತು.

ಗಾತ್ರದ ಲೆಕ್ಕ ಮೊದಲಿಗೆ ಗಲಿಬಿಲಿ ಹುಟ್ಟಿಸುತ್ತದೆ. 8, 6, 4, 2 ಎಂದು ಅಂಕಿ ಇಳಿದಂತೆ ಕೊಕ್ಕೆ ದೊಡ್ಡದಾಗುತ್ತದೆ. 1 ಆದ ಮೇಲೆ 1/0, 2/0, 3/0 ಎಂದು ಅಂಕಿ ಏರಿದಂತೆ ದೊಡ್ಡದಾಗುತ್ತದೆ. ಸರ್ಕಲ್ ಹುಕ್‌ನಲ್ಲಿ 2/0, 3/0 ಎರಡೂ ಇರಲಿ. ಎರೆಯನ್ನು ಕೊಕ್ಕೆಯ ಬಾಯಿ ಮುಚ್ಚುವಂತೆ ತುಂಬಬೇಡಿ. ಮೊನೆಗೆ ಜಾಗ ಬಿಡದಿದ್ದರೆ ಅದು ಎಲ್ಲಿ ಕಚ್ಚಬೇಕು?

ಮೈಸೂರಿನಿಂದ, ಹುಟ್ಟೂರು ಉಳ್ಳಾಲ:

ಮೇಲಿನವರು ಹೇಳಿದ್ದು ಬಂಡೆಗೆ ಸರಿ. ಆದರೆ ಪಕ್ಕದ ಮರಳು ದಂಡೆಯಲ್ಲಿ ಕಾಣೆ ಮೀನಿಗೆ ಕೂತರೆ 30 ಪೌಂಡ್ ಎಂದರೆ ಹಗ್ಗ ಕಟ್ಟಿದ ಹಾಗೆ. ಕಾಣೆಯ ಬಾಯಿ ಚಿಕ್ಕದು. 8 ಅಥವಾ 6ನೇ ನಂಬರಿನ ಉದ್ದ ಕಾಲಿನ ಕೊಕ್ಕೆ, ಹತ್ತು ಪೌಂಡಿನ ನೈಲಾನ್ ಸಾಕು. ಕಾಲು ಉದ್ದವಿದ್ದರೆ ಕೊಕ್ಕೆ ಬಿಡಿಸುವುದೂ ಸುಲಭ, ಮೀನಿನ ಬಾಯಿ ಹರಿಯುವುದಿಲ್ಲ.

ತಂತಿಯನ್ನು ಎಲ್ಲದಕ್ಕೂ ಕಟ್ಟುವವರನ್ನು ಕಂಡರೆ ನನಗೆ ಬೇಸರ. ಅಂಜಲ್, ಬರಾಕುಡಾ, ಪಾಂಬೊಳಿನಂಥ ಹಲ್ಲಿನ ಮೀನುಗಳಿಗೆ ಮಾತ್ರ ಅದು ಬೇಕು, ಅದೂ ಕೊಕ್ಕೆಯ ಮೇಲೆ ಗೇಣುದ್ದ ಇದ್ದರೆ ಸಾಕು. ಬಿಸಿಲಿದ್ದು ನೀರು ತಿಳಿಯಾದ ದಿನ ತಂತಿ ಕಂಡ ಮೀನು ಎರೆಯ ಹತ್ತಿರ ಬಂದು ತಿರುಗಿ ಹೋಗುವುದನ್ನು ನಾನೇ ನೋಡಿದ್ದೇನೆ.

ಪಾಂಡವಪುರದಿಂದ:

ಕೆರೆಗೆ ಬಳಸುವ ಕಂದು ಬಣ್ಣದ ಕೊಕ್ಕೆಗಳನ್ನು ಒಯ್ಯಬೇಡಿ. ನಾನು ಒಯ್ದು, ಮನೆಗೆ ಬಂದು ಡಬ್ಬಿ ಮುಚ್ಚಿಟ್ಟಿದ್ದೆ. ವಾರ ಕಳೆದು ತೆರೆದರೆ ಎಲ್ಲ ಒಂದಕ್ಕೊಂದು ತುಕ್ಕಿನಲ್ಲಿ ಅಂಟಿ ಮುದ್ದೆಯಾಗಿದ್ದವು. ತವರದ ಅಥವಾ ನಿಕಲ್ ಲೇಪದವು ಉಪ್ಪು ನೀರಿಗೆ ತಾಳುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ದಾರ ಹರಿದುಕೊಂಡು ಹೋದ ಮೀನಿನ ಬಾಯಲ್ಲಿ ಅದು ಬಹುಕಾಲ ಹಾಗೇ ಉಳಿಯುತ್ತದೆ. ಪಾಪ, ಅದಾದರೂ ಬದುಕಿಕೊಳ್ಳಲಿ.

ಕೇಳಿದವರು, ಮಂಡ್ಯ:

ಎಲ್ಲರಿಗೂ ವಂದನೆಗಳು. ಎಲ್ಲವನ್ನೂ ಬರೆದುಕೊಂಡಿದ್ದೇನೆ. ಇನ್ನೊಂದು ಸಂಶಯ: ರಾಗಿ ಉಂಡೆ ಅಲ್ಲಿ ನಡೆಯುತ್ತದೆಯೇ?

ಮೈಸೂರಿನಿಂದ, ಹುಟ್ಟೂರು ಉಳ್ಳಾಲ:

ಇಲ್ಲ, ಎರಡು ಅಲೆ ಬಡಿದರೆ ಕರಗಿಹೋಗುತ್ತದೆ. ಅಲ್ಲಿನ ಮೀನು ಮಾರುಕಟ್ಟೆಯಲ್ಲೇ ಬೆಳಿಗ್ಗೆ ಸಿಗಡಿ, ಬೊಂಡಾಸ್ (ಸ್ಕ್ವಿಡ್) ಕೊಳ್ಳಿ. ಬೊಂಡಾಸನ್ನು ಬೆರಳಗಲದ ಪಟ್ಟಿಗಳಾಗಿ ಕೊಯ್ದು ಒಂದು ತುದಿಗೆ ಮಾತ್ರ ಕೊಕ್ಕೆ ಚುಚ್ಚಿ. ರಬ್ಬರಿನಂತೆ ಗಟ್ಟಿ, ಎಷ್ಟು ಸಲ ಬೀಸಿದರೂ ಕಳಚುವುದಿಲ್ಲ. ಬಂಡೆ ಹತ್ತುವ ಮುನ್ನ ಹತ್ತು ನಿಮಿಷ ದೂರ ನಿಂತು ಅಲೆ ಎಲ್ಲಿಯವರೆಗೆ ಬರುತ್ತದೆ ನೋಡಿ. ಒದ್ದೆಯಾದ ಕಲ್ಲಿನ ಮೇಲೆ ಕಾಲಿಡಬೇಡಿ, ಒಬ್ಬರೇ ಹೋಗಬೇಡಿ.